ಕತ್ತಿ ಮಸೆಯುವ ಹವ್ಯಾಸಕ್ಕೆ ಕೂಲಿ ಕೇಳುವುದು ಹೇಗೆ?

ಬದಿಯಡ್ಕದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದವನು, ಲೆಕ್ಕ ಬರೆಯುವ ಉದ್ಯೋಗದಲ್ಲಿದ್ದೇನೆ. ಮೂರು ವರ್ಷಗಳ ಹಿಂದೆ, ಮಳೆ ಬಿಡದೆ ಸುರಿಯುತ್ತಿದ್ದ ಒಂದು ವಾರದಲ್ಲಿ, ಅಟ್ಟದಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಅಜ್ಜನ ಕತ್ತಿಯನ್ನು ಹೊತ್ತು ಕಳೆಯಲೆಂದು ಮಸೆಯತೊಡಗಿದವನು ಅಲ್ಲಿಂದ ಈ ಹವ್ಯಾಸಕ್ಕೆ ಅಂಟಿಕೊಂಡೆ. ಈಗ ನನ್ನಲ್ಲಿ 400, 1000 ಮತ್ತು 3000 ಗ್ರಿಟ್‌ನ ಕಲ್ಲುಗಳಿವೆ; ಅಂಕೆ ಏರಿದಂತೆ ಕಲ್ಲು ನಯವಾಗುತ್ತದೆ. ಮರದ ಪಟ್ಟಿಗೆ ಅಂಟಿಸಿದ ಚರ್ಮವೂ ಅದಕ್ಕೆ ಹಚ್ಚುವ ಹಸಿರು ಪಾಲಿಶೂ ಇವೆ. ಒಂದು ಅಡುಗೆಮನೆಯ ಕತ್ತಿಗೆ ಸುಮಾರು 25 ನಿಮಿಷ ಹಿಡಿಯುತ್ತದೆ.

ಹಿಂದೆ ಸೈಕಲಿನಲ್ಲಿ ಸಾಣೆ ಕಟ್ಟಿಕೊಂಡು ಬರುತ್ತಿದ್ದವರು ನಮ್ಮ ಕಡೆ ಕಾಣಿಸದೆ ಹಲವು ವರ್ಷಗಳಾದವು. ಪೇಟೆಯಲ್ಲಿದ್ದ ಆಚಾರಿಯವರ ಕುಲುಮೆಯೂ ಮುಚ್ಚಿತು. ಹೀಗಾಗಿ ಪ್ರತಿ ಆದಿತ್ಯವಾರ ನಮ್ಮ ಜಗಲಿಯಲ್ಲಿ ಎಂಟು ಹತ್ತು ಕತ್ತಿಗಳು ಸಾಲಾಗಿ ಕುಳಿತಿರುತ್ತವೆ. ಹಣದ ಮಾತನ್ನು ಯಾರೂ ಎತ್ತುವುದಿಲ್ಲ. ಒಬ್ಬರು ಅತ್ತೆ ಕದಳಿ ಬಾಳೆಹಣ್ಣಿನ ಚಿಪ್ಪು ಕೊಟ್ಟದ್ದನ್ನು ಬಿಟ್ಟರೆ ಮೂರು ವರ್ಷಗಳ ಸಂಪಾದನೆ ಸೊನ್ನೆ. ಸಾಲದ್ದಕ್ಕೆ ಕಳೆದ ತಿಂಗಳು ನೆರೆಯವರ ಕತ್ತಿ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿದ್ದು ತುದಿ ಮುರಿಯಿತು. ಹೊಸದನ್ನು ನಾನೇ ತೆಗೆದುಕೊಟ್ಟೆ.

ಉದ್ಯೋಗ ಬಿಡುವ ಯೋಚನೆ ನನಗಿಲ್ಲ. ವಾರದ ಕೊನೆಯ ಎರಡು ದಿನ ಇದನ್ನು ಕ್ರಮವಾಗಿ, ಹಣ ಪಡೆದು ಮಾಡಬಹುದೇ ಎಂಬುದಷ್ಟೇ ಪ್ರಶ್ನೆ. ಒಂದು ಕತ್ತಿಗೆ ಎಷ್ಟು ಕೇಳಬೇಕು, ನೆಂಟರಿಷ್ಟರಲ್ಲಿ ಹೇಗೆ ಕೇಳಬೇಕು, ಯಂತ್ರ ಕೊಳ್ಳಬೇಕೇ, ಪಂಚಾಯತಿನ ಅನುಮತಿ ಅಗತ್ಯವೇ ಎಂದು ತಿಳಿದವರು ದಯವಿಟ್ಟು ವಿವರಿಸಬೇಕು.

ಶನಿವಾರದ ಸಾಣೆ, ಉಪ್ಪಳ

ನಾನು ಆರು ವರ್ಷಗಳಿಂದ ಇದೇ ಕೆಲಸವನ್ನು ಶನಿವಾರ ಮಾತ್ರ ಮಾಡುತ್ತಿರುವವನಾದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರಿಸಬೇಡಿ.

ನೀವು ಕೇಳಿದ ನಾಲ್ಕು ಪ್ರಶ್ನೆಗಳಿಗಿಂತ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಆ 25 ನಿಮಿಷಗಳಲ್ಲಿ ಎಷ್ಟು ನಿಮಿಷ ಕತ್ತಿಯವರಿಗಾಗಿ, ಎಷ್ಟು ನಿಮ್ಮ ಸಂತೋಷಕ್ಕಾಗಿ? ನಾನು ಆರಂಭಿಸಿದಾಗ ಪ್ರತಿಯೊಂದು ಅಲಗನ್ನೂ ಕನ್ನಡಿಯಂತೆ ಹೊಳೆಯಿಸಿ, ಕೈಯ ರೋಮ ಬೋಳಿಸಿ ತೋರಿಸಿ ಕೊಡುತ್ತಿದ್ದೆ. ಎರಡೇ ವಾರಗಳಲ್ಲಿ ಅವೇ ಕತ್ತಿಗಳು ಮೊಂಡಾಗಿ ಮರಳಿ ಬಂದವು. ಹೋಗಿ ನೋಡಿದರೆ, ಬಹುತೇಕ ಮನೆಗಳಲ್ಲಿ ತರಕಾರಿ ಹೆಚ್ಚುವುದು ಗ್ರಾನೈಟ್ ಕಟ್ಟೆಯ ಮೇಲೆ ಅಥವಾ ಸ್ಟೀಲ್ ತಟ್ಟೆಯಲ್ಲಿ. ಬದಿಯೊಂದಕ್ಕೆ 15 ಡಿಗ್ರಿಯಲ್ಲಿ ಮಸೆದ ತೆಳ್ಳನೆಯ ಬಾಯಿ ಅಲ್ಲಿ ಮಡಚಿಕೊಳ್ಳುತ್ತದೆ. ಅಂದಿನಿಂದ ಮನೆಯ ಕತ್ತಿಗಳನ್ನು 20 ಡಿಗ್ರಿಯಲ್ಲಿ, 1000 ಗ್ರಿಟ್‌ನ ಕಲ್ಲಿಗೇ ನಿಲ್ಲಿಸಿ, ಚರ್ಮದ ಮೇಲೆ ನಾಲ್ಕಾರು ಸಲ ಎಳೆದು ಕೊಡುತ್ತೇನೆ. ಟೊಮೆಟೊ ಸಿಪ್ಪೆಯನ್ನು ಕಚ್ಚಿ ಹಿಡಿಯುವುದಕ್ಕೆ ಆ ತುಸು ಒರಟಾದ ಬಾಯಿಯೇ ಮೇಲು. ಕೋನವನ್ನು ಅಂದಾಜಿಗೆ ಬಿಡಬೇಡಿ: 40 ಮಿಲಿಮೀಟರ್ ಅಗಲದ ಅಲಗಿನ ಬೆನ್ನನ್ನು ಕಲ್ಲಿನಿಂದ 14 ಮಿಲಿಮೀಟರ್ ಎತ್ತಿ ಹಿಡಿದರೆ 20 ಡಿಗ್ರಿ, 10 ಮಿಲಿಮೀಟರ್ ಎತ್ತಿದರೆ 15 ಡಿಗ್ರಿಗೆ ಸಮೀಪವಾಗುತ್ತದೆ. ಬಾಯಿಯ ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಎರಡು ಸಲ ಎಳೆದರೆ, ಮಸಿ ಎಲ್ಲಿ ಹೋಯಿತು, ಎಲ್ಲಿ ಉಳಿಯಿತು ಎಂಬುದರಿಂದ ನಿಮ್ಮ ಕೈ ಸರಿಯಿದೆಯೇ ಎಂದು ತಿಳಿಯುತ್ತದೆ. ಮಸೆದ ಬದಿಯ ಎದುರುಬದಿಯಲ್ಲಿ ಬೆರಳಿಗೆ ತರಚಿದಂತೆ ತಾಗುವ ಲೋಹದ ಎಳೆ, ಅಂದರೆ ಬರ್, ಹಿಡಿಯಿಂದ ತುದಿಯವರೆಗೂ ಮೂಡುವ ತನಕ ಕತ್ತಿಯನ್ನು ಮಗುಚಬೇಡಿ. ಇಷ್ಟು ಶಿಸ್ತು ಬಂದರೆ 25 ನಿಮಿಷದ ಕೆಲಸ 10 ನಿಮಿಷಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ ದರದ ಮಾತೇ ಬೇಡ.

ಇನ್ನು ಹಣ. ನಾನು ಸಣ್ಣ ಕತ್ತಿಗೆ 40, ದೊಡ್ಡದಕ್ಕೆ 60, ಬಾಯಿಯಿಂದ ಚಕ್ಕೆ ಹಾರಿದ್ದಕ್ಕೆ ಅಥವಾ ತುದಿ ಮುರಿದದ್ದಕ್ಕೆ 100 ರೂಪಾಯಿ ತೆಗೆದುಕೊಳ್ಳುತ್ತೇನೆ. ಗಂಟೆಗೆ ಆರು ಕತ್ತಿ ಎಂದು ಕಾಗದದ ಮೇಲೆ ಲೆಕ್ಕ ಹಾಕಬಹುದು. ಆದರೆ ಕಟ್ಟಿದ್ದನ್ನು ಬಿಚ್ಚುವುದು, ತೊಳೆಯುವುದು, ಒರೆಸುವುದು, ಕಲ್ಲಿನ ಹೊಟ್ಟೆ ಒಳಸವೆದಾಗ ಅದನ್ನು ಮತ್ತೆ ಸಮತಟ್ಟು ಮಾಡುವುದು, ಬಂದವರೊಡನೆ ಮಳೆಬೆಳೆ ಮಾತನಾಡುವುದು ಎಲ್ಲವೂ ಸೇರಿ ನನಗೆ ಮೂರಕ್ಕಿಂತ ಹೆಚ್ಚು ಆದದ್ದಿಲ್ಲ. ಒಂದು ತಿಂಗಳು ಸಮಯವನ್ನು ಪುಸ್ತಕದಲ್ಲಿ ಬರೆದಿಟ್ಟು ನೋಡಿ; ಲೆಕ್ಕ ಬರೆಯುವವರಾದ ನಿಮಗೆ ಇದನ್ನು ಹೇಳಬೇಕಾಗಿಲ್ಲ.

ಮನೆಯ ಕತ್ತಿಗಳು ವರ್ಷಕ್ಕೆ ಎರಡು ಮೂರು ಸಲ ಬರುತ್ತವೆ, ಅಷ್ಟೆ. ಅವುಗಳಿಂದ ನಾಲ್ಕು ಜನರಲ್ಲಿ ಪರಿಚಯವಾಗುತ್ತದೆ, ಆದರೆ ತಿಂಗಳ ಆದಾಯ ಎಂಬುದು ಬರುವುದು ದಿನವಿಡೀ ಕತ್ತಿ ಹಿಡಿದು ದುಡಿಯುವವರಿಂದ: ಹೋಟೆಲಿನವರು, ಕೋಳಿ ಅಂಗಡಿಯವರು, ಮೀನು ಕೊಯ್ದು ಕೊಡುವವರು, ಮದುವೆ ಮುಂತಾದ ಜಂಬಾರಗಳ ಅಡುಗೆಯವರು. ನನ್ನ ಖಾಯಂ ಹೋಟೆಲೊಂದು ಹದಿನೈದು ದಿನಕ್ಕೊಮ್ಮೆ ಆರು ಕತ್ತಿ ಕೊಡುತ್ತದೆ. ಒಂದಕ್ಕೆ 50ರಂತೆ ತಿಂಗಳಿಗೆ 600 ರೂಪಾಯಿ. ಅವರಿಗೆ ಕತ್ತಿಯಿಲ್ಲದೆ ಅರ್ಧ ದಿನವೂ ನಡೆಯದು, ಆದ್ದರಿಂದ ಅಂತಹದ್ದೇ ಇನ್ನೊಂದು ಜೊತೆ ಕತ್ತಿ ನನ್ನಲ್ಲಿದೆ. ಹರಿತವಾದದ್ದನ್ನು ಕೊಟ್ಟು ಮೊಂಡಾದದ್ದನ್ನು ತರುತ್ತೇನೆ. ಅಡುಗೆಯವರಿಗೆ ಮದುವೆಯ ಹಿಂದಿನ ದಿನವೇ ನೆನಪಾಗುತ್ತದೆ. ಅವರಲ್ಲಿ ಒಂದು ವಾರ ಮೊದಲೇ ನೀವಾಗಿ ವಿಚಾರಿಸಿ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆಗಳಿಲ್ಲ, ಆಗ ಇವರ ಕೆಲಸವನ್ನು ನಂಬಬೇಡಿ.

ನೆಂಟರ ವಿಷಯದಲ್ಲಿ ನನ್ನ ಕ್ರಮ ಇಷ್ಟು. ಅತ್ತೆಯವರ ಕತ್ತಿಗೆ ಹಣ ಕೇಳುವುದಿಲ್ಲ. ಅತ್ತೆಯವರು ತರುವ ಅವರ ನೆರೆಮನೆಯ ಕತ್ತಿಗೆ ಕೇಳುತ್ತೇನೆ. ದರವನ್ನು ಬಾಯಲ್ಲಿ ಹೇಳಲು ಸಂಕೋಚವಾದರೆ ಜಗಲಿಯ ಗೋಡೆಗೆ ಬರೆದು ಅಂಟಿಸಿ, ಕಾಗದಕ್ಕೆ ದಾಕ್ಷಿಣ್ಯವಿಲ್ಲ.

ಮತ್ತೊಂದು ಸೂಕ್ಷ್ಮ. ನಮ್ಮಲ್ಲಿ ಎಷ್ಟೋ ಮನೆಯವರಿಗೆ ಮೀನಿನ ಕತ್ತಿ ತಾಗಿದ ಕಲ್ಲಿನ ಮೇಲೆ ತಮ್ಮ ತರಕಾರಿ ಕತ್ತಿಯನ್ನು ಇಡುವುದು ಒಪ್ಪಿಗೆಯಾಗದು. ಅವರು ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ. ಇದರಲ್ಲಿ ವಾದಕ್ಕೆ ಹೋಗದೆ ಎರಡು ಜೊತೆ ಕಲ್ಲು, ಎರಡು ಬಾಲ್ದಿ ಇಟ್ಟುಕೊಂಡು, ಕೇಳುವ ಮೊದಲೇ ಅದನ್ನು ತಿಳಿಸಿಬಿಡಿ.

ತುದಿ ಮುರಿದ ಪ್ರಸಂಗದಲ್ಲಿ ನೀವು ಮಾಡಿದ್ದು ಸರಿ. ಆದರೆ ಮೊದಲೇ ಚಕ್ಕೆ ಹಾರಿದ್ದ ಕತ್ತಿಗೂ ನಾಳೆ ನಿಮ್ಮನ್ನೇ ಹೊಣೆ ಮಾಡಬಹುದು. ಕತ್ತಿ ಪಡೆಯುವಾಗಲೇ ಹಿಡಿ ಅಲುಗಾಡುತ್ತಿದೆಯೇ, ಬಾಯಿ ಎಲ್ಲಿ ಹೋಗಿದೆ ಎಂಬುದನ್ನು ಅವರೆದುರೇ ನೋಡಿ ಫೋನಿನಲ್ಲಿ ಫೋಟೊ ತೆಗೆದು, ಹಿಡಿಗೆ ನಂಬರಿನ ಚೀಟಿ ಅಂಟಿಸಿ. ಮರಳಿ ಕೊಡುವಾಗ ರಟ್ಟಿನ ಒರೆಯಲ್ಲಿಟ್ಟು, ಇನ್ನು ಮೊದಲಿನಂತೆ ಒತ್ತಿ ಕೊಯ್ಯಬೇಡಿ ಎಂದು ಎಚ್ಚರಿಸಿ. ವರ್ಷಗಟ್ಟಲೆ ಮೊಂಡು ಕತ್ತಿಯನ್ನು ಒತ್ತಿ ಅಭ್ಯಾಸವಾದ ಕೈಗೆ ಮೊದಲ ಎರಡು ದಿನಗಳಲ್ಲೇ ಗಾಯವಾಗುವುದು.

ಯಂತ್ರ ನನ್ನಲ್ಲಿಲ್ಲ, ಬೇಕೆಂದು ಅನಿಸಿಯೂ ಇಲ್ಲ.

ಅಡುಗೆಮನೆಯಿಂದ, ಪೆರ್ಲ

ಉಪ್ಪಳದವರು ಬರೆದದ್ದೆಲ್ಲ ಸರಿಯೇ, ಆದರೆ ಕತ್ತಿ ಕೊಡುವವರ ಕಡೆಯಿಂದಲೂ ಒಂದು ಮಾತು. ನಮ್ಮ ಮನೆಯಲ್ಲಿ ದಿನನಿತ್ಯ ಹೆಚ್ಚುವುದು ಮೆಟ್ಟುಕತ್ತಿಯಲ್ಲಿ. ಮಣೆಗೆ ಭದ್ರವಾಗಿ ಕೂರಿಸಿದ ಅದನ್ನು ಎತ್ತಿಕೊಂಡು ಬಸ್ಸಿನಲ್ಲಿ ಬದಿಯಡ್ಕಕ್ಕೆ ಬರಲು ಆಗುತ್ತದೆಯೇ? ತಿಂಗಳಿಗೊಮ್ಮೆ ನೀವೇ ಒಂದು ಊರಿಗೆ ಬಂದು, ಹಾಲಿನ ಸೊಸೈಟಿಯ ಜಗಲಿಯಲ್ಲಿಯೋ ಭಜನಾಮಂದಿರದ ಬಳಿಯೋ ಕುಳಿತರೆ ಹತ್ತು ಮನೆಯವರು ಬೆಳಗ್ಗೆ ಹಾಲು ಕೊಟ್ಟು ಹೋಗುವಾಗ ಕತ್ತಿಯನ್ನೂ ಕೊಡುತ್ತಾರೆ, ಮಧ್ಯಾಹ್ನದ ಅಡುಗೆಗೆ ಮೊದಲು ಮರಳಿ ಪಡೆಯುತ್ತಾರೆ. ರಾತ್ರಿ ಉಳಿಸಿಕೊಳ್ಳುತ್ತೇನೆ ಎಂದರೆ ಯಾರೂ ಕೊಡಲಾರರು, ಏಕೆಂದರೆ ಹೆಚ್ಚಿನ ಮನೆಗಳಲ್ಲಿ ನಿಜವಾಗಿ ಕೊಯ್ಯುವ ಕತ್ತಿ ಇರುವುದು ಒಂದೇ.

ತೆಂಗಿನಕಾಯಿ ತುರಿಯುವ ಹೆರೆಮಣೆಯ ಹಲ್ಲನ್ನೂ ಹರಿತ ಮಾಡಿ ಕೊಡುವವರಿದ್ದರೆ ನಾನು ಅದಕ್ಕೆ ಬೇರೆಯಾಗಿಯೇ ಹಣ ಕೊಡುತ್ತೇನೆ.

ದರ್ಜಿ, ಕುಂಬಳೆ

ಕತ್ತರಿಗಳನ್ನೂ ತೆಗೆದುಕೊಳ್ಳುವ ಆಸೆ ನಿಮಗೆ ಬಂದೇ ಬರುತ್ತದೆ, ಅದಕ್ಕಾಗಿ ಮುಂಚಿತವಾಗಿ ಬರೆಯುತ್ತಿದ್ದೇನೆ. ಕತ್ತರಿ ಎಂದರೆ ಜೋಡಿಸಿದ ಎರಡು ಕತ್ತಿಗಳಲ್ಲ. ಅದರ ಎರಡು ಅಲಗುಗಳು ಒಂದಕ್ಕೊಂದು ಎದುರಾಗಿ ತುಸುವೇ ಬಾಗಿರುತ್ತವೆ, ಒಳಮೈ ನಡುವೆ ಸ್ವಲ್ಪ ಹಳ್ಳವಾಗಿರುತ್ತದೆ; ಹಾಗಾಗಿ ಮುಚ್ಚುವಾಗ ಅವು ಒಂದೇ ಬಿಂದುವಿನಲ್ಲಿ ತಾಗುತ್ತಾ ಬುಡದಿಂದ ತುದಿಗೆ ಸಾಗುತ್ತವೆ. ಹೊರಗಿನ ಇಳಿಜಾರನ್ನು ಮಾತ್ರ, ಇದ್ದ ಕೋನದಲ್ಲೇ ಮಸೆಯಬೇಕು. ಒಳಮೈಯನ್ನು ಉಜ್ಜಿ ಚಪ್ಪಟೆ ಮಾಡಿದರೆ ಬಟ್ಟೆ ತುಂಡಾಗುವ ಬದಲು ಎರಡು ಅಲಗುಗಳ ನಡುವೆ ಮಡಚಿ ಕೂರುತ್ತದೆ. ನನ್ನ ಹತ್ತು ಇಂಚಿನ ಕತ್ತರಿಯನ್ನು ಹಾಗೆ ಒಬ್ಬರು ಉಜ್ಜಿ ಕೊಟ್ಟರು, ಹಬ್ಬದ ವಾರದಲ್ಲಿ ನಾನು ಹೊಸದು ಕೊಳ್ಳಬೇಕಾಯಿತು. ಹಳೆಯ ನಾಲ್ಕೈದು ಕತ್ತರಿಗಳನ್ನು ಹಾಳು ಮಾಡಿ ಕಲಿತ ಮೇಲೆ ದರ್ಜಿಗಳ ಬಳಿ ಬನ್ನಿ. ತೆಳುವಾದ ವಾಯಿಲ್ ಬಟ್ಟೆಯನ್ನು ಕತ್ತರಿಯ ತುದಿಯಿಂದ ಕತ್ತರಿಸಿ ತೋರಿಸಿದರೆ ನಾನು 150 ರೂಪಾಯಿ ಕೊಡಲು ಹಿಂಜರಿಯುವುದಿಲ್ಲ. ಅಂಕುಡೊಂಕಾಗಿ ಕತ್ತರಿಸುವ ಹಲ್ಲಿನ ಕತ್ತರಿಯನ್ನು ಮಾತ್ರ ಯಾರು ಎಷ್ಟೇ ಒತ್ತಾಯಿಸಿದರೂ ಮುಟ್ಟಬೇಡಿ.

ನಿವೃತ್ತ ಫಿಟ್ಟರ್, ಮಂಜೇಶ್ವರ

ಯಂತ್ರ ಬೇಕಿಲ್ಲ ಎಂಬ ಉಪ್ಪಳದವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬಾಯಿಯಲ್ಲಿ ಎರಡು ಮಿಲಿಮೀಟರ್ ಚಕ್ಕೆ ಹಾರಿದ ಮಚ್ಚನ್ನು 400ರ ಕಲ್ಲಿನಲ್ಲಿ ಸರಿಪಡಿಸಲು ಕುಳಿತರೆ ಸಂಜೆಯಾಗುತ್ತದೆ, ಭುಜ ಬೇರೆ ಹೋಗುತ್ತದೆ. ಆದರೆ ಯಾವ ಯಂತ್ರ ಎಂಬುದು ಮುಖ್ಯ. ಪೇಟೆಯಲ್ಲಿ ಸಿಗುವ ಆರು ಇಂಚಿನ ಬೆಂಚ್ ಗ್ರೈಂಡರ್ ನಿಮಿಷಕ್ಕೆ ಸುಮಾರು 2800 ಸುತ್ತು ತಿರುಗುತ್ತದೆ. ಅಂದರೆ ಕಲ್ಲಿನ ಅಂಚು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕೂದಲೆಳೆಯಷ್ಟು ತೆಳ್ಳಗಿರುವ ಬಾಯಿ ಅಷ್ಟು ವೇಗದಲ್ಲಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಕಾಯುತ್ತದೆ. ನಮ್ಮ ಆಚಾರಿಗಳು ಮಾಡುವ ಕಾರ್ಬನ್ ಉಕ್ಕಿನ ಕತ್ತಿ ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಬಣ್ಣಕ್ಕೆ, 300ರ ಹತ್ತಿರ ನೀಲಿಗೆ ತಿರುಗುತ್ತದೆ. ನೀಲಿ ಕಂಡಿತೆಂದರೆ ಅಲ್ಲಿ ಆಚಾರಿ ಕೊಟ್ಟ ಹದ ಹೋಯಿತೆಂದೇ ಅರ್ಥ. ಆ ಮೆದುವಾದ ಭಾಗವನ್ನು ಸವೆಸಿ ತೆಗೆಯುವವರೆಗೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ದಾರಿಬದಿಯ ಸಾಣೆಯಲ್ಲಿ ಕಿಡಿ ಹಾರುವುದನ್ನು ಕಂಡು ಜನ ಮೆಚ್ಚುತ್ತಾರೆ, ಎರಡನೆಯ ವಾರ ಬೈಯುತ್ತಾರೆ.

ಗ್ರೈಂಡರನ್ನು ಚಕ್ಕೆ ತೆಗೆಯಲು ಮಾತ್ರ ಬಳಸಿ. ಎರಡು ಸೆಕೆಂಡು ತಾಗಿಸಿ, ನೀರಿನಲ್ಲಿ ಅದ್ದಿ, ಬೆರಳಿಗೆ ಬಿಸಿ ತಾಗಿದೊಡನೆ ನಿಲ್ಲಿಸಿ, ಕೊನೆಯ ಬಾಯಿಯನ್ನು ಕೈಕಲ್ಲಿನಲ್ಲೇ ತರಬೇಕು. ಹಣ ಕೂಡಿದ ಮೇಲೆ ನೀರಿನ ತೊಟ್ಟಿಯಲ್ಲಿ ನಿಧಾನವಾಗಿ ತಿರುಗುವ ದೊಡ್ಡ ಸಾಣೆಯನ್ನು ಕೊಳ್ಳಿ, ಅದರಲ್ಲಿ ಹದ ಕೆಡುವ ಭಯವಿಲ್ಲ. ಹೊಸ ಚಕ್ರವನ್ನು ಕೂರಿಸುವ ಮೊದಲು ಬೆರಳಿಗೆ ನೇತುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ಸ್ಪಷ್ಟವಾದ ನಾದ ಬಾರದೆ ಮಂಕಾಗಿ ಕೇಳಿಸಿದರೆ ಒಳಗೆ ಬಿರುಕಿದೆ, ಬಿಸಾಡಿ. ಕನ್ನಡಕವಿಲ್ಲದೆ ಗುಂಡಿ ಒತ್ತಬೇಡಿ. ಹೆಗಲ ಮೇಲಿನ ಬೈರಾಸನ್ನು ತೆಗೆದು ದೂರವಿಡಿ.

ಅನುಮತಿಯ ಬಗ್ಗೆ ಸಂಕ್ಷೇಪವಾಗಿ: ಪೇಟೆಯಲ್ಲಿ ಕೋಣೆ ಹಿಡಿದು ಅಂಗಡಿ ತೆರೆಯುವುದಾದರೆ ಪಂಚಾಯತಿನ ಲೈಸೆನ್ಸ್ ಬೇಕು, ಮನೆಯಲ್ಲೇ ಯಂತ್ರ ಕೂರಿಸುವ ಮೊದಲೂ ಒಮ್ಮೆ ಅಲ್ಲಿಯೇ ವಿಚಾರಿಸುವುದು ಕ್ಷೇಮ. ಸಣ್ಣ ಉದ್ದಿಮೆಗಳಿಗಾಗಿ ಇರುವ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಇದ್ದರೆ ಕೇರಳ ಸರ್ಕಾರದ ಅಕ್ಷಯ ಸೇವಾ ಕೇಂದ್ರದಲ್ಲಿಯೂ ಮಾಡಿಸಬಹುದು. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂಪಾಯಿ ವ್ಯವಹಾರ, 40 ರೂಪಾಯಿಯ ಕತ್ತಿಗಳಲ್ಲಿ ನೀವು ಅಲ್ಲಿಗೆ ತಲುಪುವುದನ್ನು ನಾನು ನೋಡಲಾರೆ. 1959ರ ಆಯುಧ ಕಾಯ್ದೆ ಕೇವಲ ಮನೆಬಳಕೆಗೂ ಕೃಷಿಗೂ ಮಾಡಿದ ಸಲಕರಣೆಗಳನ್ನು ಆಯುಧವೆಂದು ಎಣಿಸುವುದಿಲ್ಲ. ಹಾಗಿದ್ದರೂ ಹದಿನೈದು ಕತ್ತಿಗಳನ್ನು ಬೈಕಿನಲ್ಲಿ ಒಯ್ಯುವಾಗ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಗಿರಾಕಿಗಳ ನಂಬರು ಬರೆದ ಪುಸ್ತಕವನ್ನೂ ಜೊತೆಗಿಟ್ಟುಕೊಂಡರೆ ದಾರಿಯಲ್ಲಿ ವಿವರಿಸುವುದು ಸುಲಭ.

ತೋಟ ಮತ್ತು ರಬ್ಬರ್, ಮುಳ್ಳೇರಿಯ

ಎಲ್ಲರೂ ಅಡುಗೆಮನೆಯನ್ನೇ ಸುತ್ತುತ್ತಿದ್ದೀರಿ. ನಮ್ಮ ಜಿಲ್ಲೆಯಲ್ಲಿ ದಿನ ಬೆಳಗಾದರೆ ಹರಿತ ಬೇಕಾಗುವುದು ತೋಟದಲ್ಲಿ. ಅಡಿಕೆ ಕೊಯ್ಯುವ ದೋಟಿಯ ತುದಿಯ ಕತ್ತಿ ಮೊಂಡಾದರೆ ಗೊನೆಯನ್ನು ಮೂರು ಸಲ ಎಳೆಯಬೇಕು, ಕೆಳಗೆ ನಿಂತು ಅಷ್ಟು ಎತ್ತರದ ದೋಟಿ ಹಿಡಿದವನ ಕುತ್ತಿಗೆಗೇ ಗೊತ್ತು ಅದರ ಕಷ್ಟ. ಸೊಪ್ಪಿನ ಕತ್ತಿ, ಕಾಡು ಸವರುವ ಕತ್ತಿಗಳ ಬಾಗಿದ ಬಾಯಿಗೆ ನಿಮ್ಮ ಚಪ್ಪಟೆ ಕಲ್ಲು ಸರಿಯಾಗಿ ತಾಗದು. ಕತ್ತಿಯನ್ನು ಕಟ್ಟಿಹಾಕಿ ಕಲ್ಲನ್ನೇ ಕೈಯಲ್ಲಿ ಹಿಡಿದು ಓಡಿಸಬೇಕು. ನನ್ನ ಅಪ್ಪ ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಹುಡಿ ಉದುರಿಸಿ ಮಸೆಯುತ್ತಿದ್ದರು. ನಿಮ್ಮ 3000 ಗ್ರಿಟ್ ಅವರಿಗೆ ತಿಳಿದಿರಲಿಲ್ಲ, ಕತ್ತಿಯನ್ನು ಮಾತ್ರ ಬಾಳೆದಂಡಿನಲ್ಲಿ ಬೆಣ್ಣೆಯಂತೆ ಇಳಿಸುತ್ತಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದು ರಬ್ಬರ್ ಟ್ಯಾಪಿಂಗ್ ಕತ್ತಿ, ಅಂದರೆ ಹಾಲು ಇಳಿಸಲು ರಬ್ಬರ್ ಮರದ ತೊಗಟೆ ಕೊಯ್ಯುವ ಕತ್ತಿ. ಟ್ಯಾಪರ್ ಪ್ರತಿ ಸಲ ತೆಗೆಯುವ ತೊಗಟೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚಾಗಬಾರದು, ಮರದ ಒಳಗಿನ ಎಳೆಯ ಪದರಕ್ಕೆ ಸುಮಾರು ಒಂದು ಮಿಲಿಮೀಟರ್ ಇರುವಾಗಲೇ ಕತ್ತಿ ನಿಲ್ಲಬೇಕು. ಮೊಂಡು ಕತ್ತಿ ತೊಗಟೆಯನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಬಲ ಹಾಕಿದರೆ ಆ ಒಂದು ಮಿಲಿಮೀಟರನ್ನು ದಾಟಿ ಮರಕ್ಕೆ ಗಾಯವಾಗುತ್ತದೆ. ಗಾಯವಾದ ಕಡೆ ಹೊಸ ತೊಗಟೆ ಗಂಟುಗಂಟಾಗಿ ಬೆಳೆದು, ವರ್ಷಗಳ ನಂತರ ಅದೇ ಪಟ್ಟಿಯನ್ನು ಮತ್ತೆ ಟ್ಯಾಪ್ ಮಾಡಲು ಹೋದಾಗ ಕತ್ತಿ ಓಡುವುದೇ ಇಲ್ಲ. ಈ ಕತ್ತಿಯ ಬಾಯಿ ಮಡಚಿದ ಮೂಲೆಯಂತಿರುತ್ತದೆ. ಹೊರಬದಿಗೆ ಚಪ್ಪಟೆ ಕಲ್ಲು ಸಾಕು, ಒಳಮೂಲೆಗೆ ಅಂಚು ತೆಳುವಾದ ಸಣ್ಣ ಕಲ್ಲೇ ಬೇಕು. ನುರಿತ ಟ್ಯಾಪರುಗಳು ತಮ್ಮ ಕತ್ತಿಯನ್ನು ತಾವೇ ಮಸೆಯುತ್ತಾರೆ, ಬೇರೆಯವರ ಕೈಗೆ ಕೊಡಲಾರರು. ನಿಮಗೆ ಗಿರಾಕಿಗಳಾಗುವವರು ಹೊಸದಾಗಿ ಕಲಿತವರು ಮತ್ತು ಕೂಲಿ ಕೊಡಲಾರದೆ ತಮ್ಮ ನೂರಿನ್ನೂರು ಮರಗಳನ್ನು ತಾವೇ ಟ್ಯಾಪ್ ಮಾಡಿಕೊಳ್ಳುವ ನನ್ನಂಥವರು. ನಾನು ಈಗ ಎರಡು ಕತ್ತಿಗಳನ್ನು ಬೋವಿಕ್ಕಾನದಾಚೆಗೆ ಒಯ್ಯುತ್ತೇನೆ. ಹೋಗಿ ಬರುವ ಬಸ್ಸಿನ ಹಣವನ್ನು ನಿಮಗೇ ಕೊಡಲು ಸಿದ್ಧನಿದ್ದೇನೆ.

ಬದಿಯಡ್ಕದವ

ಆರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಉತ್ತರಿಸಿದ ಪ್ರತಿಯೊಬ್ಬರಿಗೂ ವಂದನೆಗಳು. ಸಮಯವನ್ನು ಬರೆದಿಟ್ಟು ನೋಡಿದಾಗ ನನ್ನ 25 ನಿಮಿಷಗಳಲ್ಲಿ ಹನ್ನೊಂದು ನಿಮಿಷ 3000ರ ಕಲ್ಲಿನ ಮೇಲೆಯೇ ಹೋಗುತ್ತಿತ್ತು. ಅದನ್ನು ನನ್ನ ಸ್ವಂತ ಕತ್ತಿಗಳಿಗೆ ಮೀಸಲಿಟ್ಟ ಮೇಲೆ ಈಗ ಒಂದು ಕತ್ತಿಗೆ 13 ನಿಮಿಷ ಬೀಳುತ್ತಿದೆ. ದರವನ್ನು ಬರೆದು ಗೋಡೆಗೆ ಅಂಟಿಸಿದ ಮೊದಲ ಆದಿತ್ಯವಾರ ಮೂರೇ ಕತ್ತಿಗಳು ಬಂದವು, ಎದೆ ಒಡೆಯಿತು. ನಾಲ್ಕನೆಯ ವಾರ ಏಳು ಬಂದವು, ಏಳಕ್ಕೂ ಹಣ ಬಂತು. ಪೆರ್ಲದ ಅಕ್ಕನವರು ಸೂಚಿಸಿದಂತೆ ಹಾಲಿನ ಸೊಸೈಟಿಯ ಜಗಲಿಯಲ್ಲಿ ಒಂದು ಬೆಳಗ್ಗೆ ಕುಳಿತಾಗ ಒಂಬತ್ತು ಕತ್ತಿ, ಎರಡು ಮೆಟ್ಟುಕತ್ತಿ ಸೇರಿ 620 ರೂಪಾಯಿಯಾಯಿತು. ಬೈಕಿನ ಪೆಟ್ರೋಲು ಕಳೆದರೂ ನಷ್ಟವಿಲ್ಲ. ಹೆರೆಮಣೆಯ ಹಲ್ಲನ್ನು ಸಣ್ಣ ಅರದಿಂದ ಮಾಡಿ ನೋಡಿದ್ದೇನೆ; ನಮ್ಮ ಮನೆಯಲ್ಲಿ ಒಪ್ಪಿಗೆಯಾಗಿದೆ, ಇನ್ನು ಹೊರಗಿನವರದ್ದನ್ನು ತೆಗೆದುಕೊಳ್ಳಬಹುದು. ಕತ್ತರಿಯನ್ನು ಮುಟ್ಟಿಲ್ಲ. ಯಂತ್ರವನ್ನೂ ಕೊಂಡಿಲ್ಲ, ಚಕ್ಕೆ ಹಾರಿದ ಮಚ್ಚುಗಳನ್ನು ಸದ್ಯಕ್ಕೆ ಮರಳಿಸುತ್ತಿದ್ದೇನೆ.

ಮುಳ್ಳೇರಿಯದ ಅಣ್ಣನವರಲ್ಲಿ ಒಂದು ಕೋರಿಕೆ. ಹಳೆಯ ಟ್ಯಾಪಿಂಗ್ ಕತ್ತಿಯೊಂದನ್ನು ಗುಜರಿಯಿಂದ ತಂದು ಒಳಮೂಲೆಯನ್ನು ಮಸೆದಿದ್ದೇನೆ. ಕಾಗದವನ್ನೇನೋ ಕೊಯ್ಯುತ್ತದೆ, ತೊಗಟೆಯಲ್ಲಿ ಹೇಗೆ ಓಡುತ್ತದೆಂದು ಮರವಿಲ್ಲದ ನನಗೆ ತಿಳಿಯುವ ದಾರಿಯಿಲ್ಲ. ಬರುವ ಆದಿತ್ಯವಾರ ಅದನ್ನು ಹಿಡಿದು ನಿಮ್ಮಲ್ಲಿಗೆ ಬರಬಹುದೇ?

ತೋಟ ಮತ್ತು ರಬ್ಬರ್, ಮುಳ್ಳೇರಿಯ

ಧಾರಾಳವಾಗಿ ಬನ್ನಿ. ಆದರೆ ಆರು ಗಂಟೆಗೆ ಮೊದಲೇ ತಲುಪಬೇಕು, ಬಿಸಿಲೇರಿದ ಮೇಲೆ ರಬ್ಬರ್ ಹಾಲು ಇಳಿಯುವುದು ಕಡಿಮೆ. ಕಲ್ಲನ್ನೂ ಜೊತೆಯಲ್ಲೇ ತನ್ನಿ. ಮೊದಲ ಮರದಲ್ಲಿ ಸರಿಯಾಗದಿದ್ದರೆ ಅಲ್ಲೇ ಕುಳಿತು ಮಸೆಯಬಹುದು. ಗಾಯವಾದರೂ ಚಿಂತೆಯಿಲ್ಲದ, ಕಡಿಯಲೆಂದು ಗುರುತು ಹಾಕಿದ ನಾಲ್ಕು ಹಳೆಯ ಮರಗಳು ನನ್ನಲ್ಲಿವೆ.